ಬ್ಯಾಟರಿ ಗಾಡಿ ಮತ್ತು ತಂಗಿಯ ಮದುವೆ

ಹಿಂದಿನಿಂದ ಯಾರಾದರೂ ಮಾತಾಡಿದರೆ ತಿರುಗಿ ನೋಡುವುದು ಎಲ್ಲರೂ ಯೋಚನೆ ಮಾಡದೆ ಮಾಡುವ ಕೆಲಸ. ನಾನು ಅದನ್ನು ಮೊದಲ ಸಲ ಮಾಡಿದಾಗ ನನಗೆ ಇಪ್ಪತ್ತು ದಾಟಿತ್ತು. ಮಿರಜದ ಒಂದು ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಬ್ಯಾಟರಿಯಿಂದ ನಡೆಯುವ ಗಾಲಿಕುರ್ಚಿಯೊಂದರಲ್ಲಿ ಕೂತಿದ್ದೆ. ಬೆನ್ನ ಹಿಂದಿನಿಂದ ಅವ್ವ, "ಸಾವಕಾಶ ಬೇ ಯವ್ವಾ" ಎಂದಳು. ಬಲಗೈಯ ಕೆಳಗಿದ್ದ ಪುಟ್ಟ ಕಡ್ಡಿಯನ್ನು ಪಕ್ಕಕ್ಕೆ ಒತ್ತಿದೆ. ಗೋಡೆ ಸರಿಯಿತು, ಕಿಟಕಿ ಸರಿಯಿತು, ಬಾಗಿಲು ಸರಿಯಿತು, ಅವ್ವನ ಮುಖ ಎದುರಿಗೆ ಬಂತು. ನಾನೇ ತಿರುಗಿ ಅವಳನ್ನು ನೋಡಿದ್ದೆ! ನಗು ತಡೆಯಲಾಗಲಿಲ್ಲ. ಮತ್ತೆ ಒತ್ತಿದೆ. ಸುತ್ತಿದೆ. ಮತ್ತೊಂದು ಸುತ್ತು. ಅವ್ವ ತಲೆ ಹಿಡಿದುಕೊಂಡು, "ನನಗ ಚಕ್ಕರ ಬರಾಕತ್ತೈತಿ, ಸಾಕ್ ಮಾಡ" ಎಂದು ಕೂಗುತ್ತಿದ್ದರೂ ನಾನು ನಿಲ್ಲಿಸಲಿಲ್ಲ.

ಹಾಲು ಬಿಡುವ ವಯಸ್ಸಿನಲ್ಲಿ ಬಂದ ಪೋಲಿಯೋ ನನ್ನ ಎರಡೂ ಕಾಲುಗಳನ್ನೂ ಬೆನ್ನನ್ನೂ ಎಡಗೈಯನ್ನೂ ಸೋಲಿಸಿತ್ತು. ಬಲಗೈ ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಕೈಯಿಂದ ತಿರುಗಿಸುವ ಮೂರುಗಾಲಿ ಸೈಕಲ್ಲನ್ನು ಅಪ್ಪ ಒಮ್ಮೆ ತಂದಿದ್ದ. ಒಂದೇ ಕೈಗೆ ಅದು ಬಗ್ಗಲಿಲ್ಲ. ಹೀಗಾಗಿ ಏಕಸಂಬಿಯ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ನನ್ನನ್ನೆತ್ತಿ ಕಟ್ಟಿಗೆಯ ಕುರ್ಚಿಯಲ್ಲಿ ಕೂರಿಸಿ, ಯಾವ ದಿಕ್ಕಿಗೆ ಮುಖ ಮಾಡಿ ಇಡುತ್ತಿದ್ದಳೋ ಅದೇ ಆ ದಿನದ ನನ್ನ ಲೋಕ. ಓಣಿಯ ಕಡೆ ಇಟ್ಟರೆ ಓಣಿ, ಹಿತ್ತಲ ಕಡೆ ಇಟ್ಟರೆ ಎಮ್ಮೆ. ಹತ್ತನೇ ಇಯತ್ತೆಯ ಪರೀಕ್ಷೆಯನ್ನು ಮನೆಯಲ್ಲೇ ಓದಿ, ಅಪ್ಪನ ಸೈಕಲ್ ಮೇಲೆ ಹೋಗಿ ಬರೆದು ಪಾಸಾಗಿದ್ದೆ. ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಆ ಮಕ್ಕಳೇ ನನ್ನ ಎದುರು ಬಂದು ಕೂರಬೇಕಿತ್ತು. ಪಕ್ಕಕ್ಕೆ ಕೂತವರು ಏನು ಬರೆಯುತ್ತಿದ್ದಾರೆಂದು ನನಗೆ ಕಾಣುತ್ತಿರಲಿಲ್ಲ.

ತೊಂಬತ್ತರ ದಶಕದ ನಡುಮಧ್ಯದ ಒಂದು ಶ್ರಾವಣದಲ್ಲಿ ಆ ಆಸ್ಪತ್ರೆಗೆ ಹೊರದೇಶದಿಂದ ಬಳಸಿದ ಗಾಲಿಕುರ್ಚಿಗಳು ದಾನವಾಗಿ ಬಂದವು. ಬಹಳಷ್ಟು ಕೈಯಿಂದ ನೂಕುವಂಥವು. ಒಂದು ಮಾತ್ರ ಬ್ಯಾಟರಿಯದು. ಚಿಕ್ಕಂದಿನಲ್ಲಿ ಅಲ್ಲಿ ನನಗೆ ಕೈಕಾಲುಗಳ ವ್ಯಾಯಾಮ ಮಾಡಿಸಿದ್ದ ಮರಾಠಿ ಹೆಂಗಸಿಗೆ ನನ್ನ ನೆನಪಾಯಿತು. ನಾವೆಲ್ಲ ಆಕೆಯನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಒಂದೇ ಕೈ ಚೆನ್ನಾಗಿರುವವರಿಗೆ ಹೇಳಿ ಮಾಡಿಸಿದ್ದು ಇದು ಎಂದು ಅವರು ಹೇಳಿ ಕಳಿಸಿದ್ದರು.

ಬಾಯಿ ಸುಮ್ಮನೆ ಕುರ್ಚಿ ಕೊಟ್ಟು ಕಳಿಸುವ ಪೈಕಿಯಲ್ಲ. ಒಂದು ವಾರದ ಮಟ್ಟಿಗೆ ನಮ್ಮನ್ನು ಅಲ್ಲೇ ಇಟ್ಟುಕೊಂಡು ಕಲಿಸಿದರು. ಕಡ್ಡಿಯ ಪಕ್ಕದ ಗುಂಡಿಯ ಒಂದು ತುದಿಗೆ ಆಮೆಯ ಚಿತ್ರ, ಇನ್ನೊಂದು ತುದಿಗೆ ಮೊಲದ ಚಿತ್ರ. ಮನೆಯೊಳಗೆ, ಜನರ ನಡುವೆ, ಇಳಿಜಾರಿನಲ್ಲಿ ಆಮೆ. ಮೊಲಕ್ಕೆ ಹೋಗುವ ಆಸೆ ನನ್ನ ಮುಖದಲ್ಲೇ ಕಾಣುತ್ತಿತ್ತೇನೋ, ಅವರು ಅದರ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿಬಿಟ್ಟಿದ್ದರು. ಹಿಂದಿನ ಎರಡು ಗಾಲಿಗಳ ಹತ್ತಿರ ಒಂದೊಂದು ಕೆಂಪು ಹಿಡಿಕೆ. ಅವನ್ನು ಮೇಲೆತ್ತಿದರೆ ಮೋಟಾರಿಗೂ ಗಾಲಿಗೂ ಸಂಬಂಧ ತಪ್ಪಿ, ಕುರ್ಚಿಯನ್ನು ಕೈಯಿಂದ ನೂಕಬಹುದು. ಆದರೆ ಆಗ ಬ್ರೇಕೂ ಇರುವುದಿಲ್ಲ. ಇಳಿಜಾರಿನಲ್ಲಿ ಅವನ್ನು ಮುಟ್ಟಕೂಡದು. ಎಲ್ಲಕ್ಕಿಂತ ಹೆಚ್ಚು ಸಲ ಅವರು ಹೇಳಿದ್ದು ಒಂದೇ ಮಾತು: "ಆಧೀ ಬಂದ್ ಕರಾಯ್ಚಂ, ಮಗ್ ಉಠಾಯ್ಚಂ." ಮೊದಲು ಸ್ವಿಚ್ ಬಂದ್ ಮಾಡಬೇಕು, ಆಮೇಲೆ ಏಳಬೇಕು. ಅವ್ವ ಅದನ್ನು ದೇವರ ನಾಮದಂತೆ ಬಾಯಿಪಾಠ ಮಾಡಿಕೊಂಡಳು. ಪಾಲಿಸಿದ್ದು ಮಾತ್ರ ಒಂದು ಪೆಟ್ಟು ತಿಂದ ಮೇಲೆ.

ಟೆಂಪೋದಿಂದ ಕುರ್ಚಿ ಇಳಿದಾಗ ಇಡೀ ಓಣಿ ಸೇರಿತ್ತು. ಗಣಪತಿಯನ್ನು ತಂದಾಗಲೂ ಅಷ್ಟು ಜನ ಸೇರಿರಲಿಲ್ಲ. ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬದ ಮೇಲೆ ಕರೆಂಟಿನ ತಂತಿಗಳ ನಡುವೆ ನಿಂತು ಬೀಡಿ ಸೇದುತ್ತಾನೆ ಎಂದು ಊರವರು ಅವನ ಧೈರ್ಯವನ್ನು ಆಡಿಕೊಳ್ಳುತ್ತಿದ್ದರು. ಅಂಥ ಅಪ್ಪ ಈ ಕುರ್ಚಿಯನ್ನು ಕಂಡು ಹೆದರಿದ್ದ. ದೂರದಲ್ಲೇ ನಿಂತು, "ಕರೆಂಟ್ ಕುಂಡಿ ಕೆಳಗ ಇಟ್ಕೊಂಡು ಕುಂದ್ರೂದಂದ್ರ ಹೆಂಗಲೇ?" ಎಂದು ಮೆಲ್ಲಗೆ ಕೇಳಿದ. ನಾನು ಮಿರಜದಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ಟ್ರ್ಯಾಕ್ಟರಿನ ಬ್ಯಾಟರಿಯಂಥದೇ ಎರಡಿವೆ, ಮೈಗೆ ಹೊಡೆಯುವಂಥ ಕರೆಂಟಲ್ಲ, ನಟ್ಟು ಬಿಚ್ಚುವ ಪಾನಾ ತಪ್ಪಿ ಎರಡೂ ತುದಿಗೆ ತಾಗಿದರೆ ಮಾತ್ರ ಕಿಡಿ ಹಾರಿ ಕೈ ಸುಡುತ್ತದೆ ಎಂದೆ. ಅಪ್ಪ ತನ್ನ ಚೀಲದಿಂದ ಕರಿ ಟೇಪು ತೆಗೆದು ಪಾನಾದ ಹಿಡಿಕೆಗೆಲ್ಲ ಸುತ್ತಿದ. ಬೆರಳಿನ ಉಂಗುರ ತೆಗೆದು ಅವ್ವನ ಕೈಗೆ ಕೊಟ್ಟ. ಆಮೇಲೆ ಕುರ್ಚಿಯ ಹತ್ತಿರ ಬಂದ.

ಅವ್ವ ದೇವರ ಜಗಲಿಯ ಪಕ್ಕದಲ್ಲಿ ಜಾಗ ಗುಡಿಸಿ, "ಇದನ್ನಿಲ್ಲಿ ಇಡ್ರಿ, ಲಕ್ಷ್ಮೀ ಬಂದಾಂಗಾಗೈತಿ" ಎಂದಳು. ಅಲ್ಲಿ ಹಗಲೂ ರಾತ್ರಿ ನಂದಾದೀಪ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊತ್ತಿಕೊಳ್ಳುವಂಥ ಹವೆ ಬರುತ್ತದೆ, ದೀಪ, ಒಲೆ, ಬೀಡಿ ಯಾವುದೂ ಹತ್ತಿರ ಇರಕೂಡದು ಎಂದು ಬಾಯಿ ಹೇಳಿದ್ದರು. ನಾನು ಬೇಡವೆಂದಾಗ ಅವ್ವನ ಮುಖ ಸಣ್ಣದಾಯಿತು. ಕೊನೆಗೆ ಗಾಳಿಯಾಡುವ ಹೊರಗಿನ ಕಟ್ಟೆಯ ಮೇಲೆ ತಗಡಿನ ಕೆಳಗೆ ಜಾಗವಾಯಿತು. ಅಲ್ಲಿ ಕೂತು ಬೀಡಿ ಸೇದುವುದು ಅಪ್ಪನ ಬಹುಕಾಲದ ರೂಢಿ. ಅಂದಿನಿಂದ ಅವನು ಬೀಡಿ ಹಿಡಿದು ಬೇವಿನ ಗಿಡದ ಕೆಳಗೆ ಹೋಗತೊಡಗಿದ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಚಾರ್ಜ್ ಅರ್ಧಕ್ಕೆ ನಿಂತರೆ ಓಣಿಯವರು, "ಏನ್ರಿ, ಲೈನ್‌ಮನ್ ಮಗಳ ಗಾಡಿಗೇ ಕರೆಂಟ್ ಇಲ್ಲಲ್ರಿ" ಎಂದು ಅವನನ್ನು ಕಾಡುತ್ತಿದ್ದರು.

ಮೊದಲ ದಿನಗಳಲ್ಲಿ ಅವ್ವ ನನ್ನನ್ನು ಒಬ್ಬಳನ್ನೇ ಬಿಡಲಿಲ್ಲ. ಕರುವಿನ ಹಗ್ಗವನ್ನು ಕುರ್ಚಿಯ ಬೆನ್ನಿಗೆ ಕಟ್ಟಿ, ಇನ್ನೊಂದು ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು ಹಿಂದೆ ಹಿಂದೆ ಬರುತ್ತಿದ್ದಳು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, "ಎತ್ತು ಚಲೋ ಐತಿ, ಎಲ್ಲಿ ಸಿಕ್ತು?" ಎಂದು ನಗುತ್ತಿದ್ದರು. ಅವ್ವನಿಗೆ ನಾಚಿಕೆ ಇರಲಿಲ್ಲ. ನನಗಿತ್ತು. ಒಂದು ಮುಂಜಾನೆ ಓಣಿ ಖಾಲಿ ಇತ್ತು, ನೆಲ ಒಣಗಿತ್ತು. ಗುಂಡಿಯ ಮೇಲಿನ ಪಟ್ಟಿಯನ್ನು ಕಿತ್ತು ಮೊಲದ ಕಡೆಗೆ ತಿರುಗಿಸಿ ಕಡ್ಡಿಯನ್ನು ಮುಂದಕ್ಕೆ ಒತ್ತಿದೆ.

ಆ ಗಾಳಿ! ಮುಖಕ್ಕೆ ಗಾಳಿ ಬಡಿಯುವುದು ನನಗೆ ಹೊಸದೇನಲ್ಲ, ಅಪ್ಪನ ಸೈಕಲ್ ಮೇಲೆ ಕೂತಾಗ ಬಡಿಯುತ್ತಿತ್ತು. ಆದರೆ ಇದು ನಾನೇ ಎಬ್ಬಿಸಿದ ಗಾಳಿ. ಕಿರಾಣಿ ಅಂಗಡಿ ಹಿಂದಾಯಿತು, ಹಿಟ್ಟಿನ ಗಿರಣಿ ಹಿಂದಾಯಿತು. "ನಿಂದ್ರ, ನಿಂದ್ರ ಲೇ, ಸತ್ತಗಿತ್ತೀಯವ್ವಾ" ಎಂದು ಅವ್ವ ಓಡುತ್ತಿದ್ದಳು. ಓಡಿ ಓಡಿ ಸಾಕಾಗಿ ಹಗ್ಗ ಬಿಟ್ಟಳು. ಬಿಟ್ಟ ಹಗ್ಗ ನೆಲದ ಮೇಲೆ ಎಳೆದಾಡಿ ಹಿಂದಿನ ಗಾಲಿಗೆ ಸುತ್ತಿಕೊಂಡಿತು. ಕುರ್ಚಿ ಒಮ್ಮೆಲೆ ಒಂದು ಮಗ್ಗುಲಿಗೆ ತಿರುಚಿ ನಿಂತಿತು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದೆ. ಇಲ್ಲದಿದ್ದರೆ ಗಿರಣಿಯ ಕಟ್ಟೆಗೆ ನನ್ನ ತಲೆ ಹೋಗಿ ಬಡಿಯುತ್ತಿತ್ತು.

ಅವ್ವ ಏದುಸಿರು ಬಿಡುತ್ತ ಬಂದು ಮೊದಲು ಸ್ವಿಚ್ ಬಂದ್ ಮಾಡಿದಳು. ಮೋಟಾರು ಬಿಸಿಯಾಗಿತ್ತು. ಸುತ್ತಿಕೊಂಡ ಹಗ್ಗವನ್ನು ಒಂದೊಂದೇ ಸುತ್ತು ಬಿಡಿಸಿದಳು. ಬೈಯುತ್ತಾಳೆಂದು ಕಾಯುತ್ತಿದ್ದೆ. ಹಗ್ಗವನ್ನು ಗಿರಣಿಯ ಹಿಂದಿನ ತಿಪ್ಪೆಗೆ ಎಸೆದು ಬಂದು, "ಹೋಗವ್ವಾ, ಎಲ್ಲಿಗ್ ಹೋಗ್ತೀ ಹೋಗ. ನನ್ನ ಹಗ್ಗದಿಂದ ನೀ ಬೀಳೂದು ಬ್ಯಾಡ" ಎಂದಳು. ನಾನು ಆಮೆಗೆ ತಿರುಗಿಸಿದೆ. ಅವ್ವ ಪಕ್ಕದಲ್ಲಿ ನಡೆದಳು. ಮನೆ ಮುಟ್ಟುವವರೆಗೂ ಇಬ್ಬರೂ ಆಗಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದೆವು.

ಅವಳು ಪೆಟ್ಟು ತಿಂದದ್ದು ಅದಾದ ಸ್ವಲ್ಪ ದಿನಕ್ಕೆ. ಸ್ನಾನಕ್ಕೆ ನನ್ನನ್ನು ಎತ್ತಲು ಬಗ್ಗಿದಾಗ ಸ್ವಿಚ್ ಹಾಕಿಯೇ ಇತ್ತು. ಅವಳ ಸೆರಗು ಕಡ್ಡಿಗೆ ಸಿಕ್ಕಿ ಕುರ್ಚಿ ಮುಂದಕ್ಕೆ ಹಾರಿತು. ಅವ್ವ ಹಿಂದಕ್ಕೆ ಬಿದ್ದು ತಾಮ್ರದ ಹಂಡೆಗೆ ಬಡಿದುಕೊಂಡಳು. ಹಂಡೆ ಉರುಳಿ ಬಚ್ಚಲ ತುಂಬ ನೀರು. ಕೂತಲ್ಲಿಂದಲೇ, "ಆಧೀ ಬಂದ್ ಕರಾಯ್ಚಂ" ಎಂದು ತನಗೆ ತಾನೇ ಹೇಳಿಕೊಂಡು ನಕ್ಕಳು. ಮೊಣಕೈ ಬಾತು ಎಷ್ಟೋ ದಿನ ರೊಟ್ಟಿ ಬಡಿಯಲಾಗಲಿಲ್ಲ, ನನ್ನ ತಂಗಿ ಬಡಿದಳು. ಅಂದಿನಿಂದ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸದೆ ಕುರ್ಚಿಯ ಹತ್ತಿರ ಬರಲಿಲ್ಲ. ನಾನು ಸೀರೆ ಬಿಟ್ಟು, ಗಾಲಿಗೆ ಸಿಗದ ಚೂಡಿದಾರ ಹಾಕತೊಡಗಿದೆ. ಅದಕ್ಕೆ ಓಣಿಯವರು ಮಾತಾಡಿದರು. ಮಾತಾಡುವವರ ಬಾಗಿಲ ಮುಂದೆಯೇ ಹಾದು ಹೋಗುವ ಶಕ್ತಿ ಈಗ ನನಗಿತ್ತು, ಹೋಗುತ್ತಲೂ ಇದ್ದೆ.

ಖಂಡೇನವಮಿ ಬಂತು. ನಮ್ಮ ಕಡೆ ಅಂದು ಸೈಕಲ್, ಟ್ರ್ಯಾಕ್ಟರ್, ಕುಡಗೋಲು ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ. ನಾನು ಒಳಗೆ ಮಲಗಿದ್ದಾಗ ಅವ್ವ ಎದ್ದು, ಕುರ್ಚಿಯನ್ನು ಅಂಗಳಕ್ಕೆ ನೂಕಿ, ಅದರ ಮೇಲೆ ಕೊಡಗಟ್ಟಲೆ ನೀರು ಸುರಿದು, ಸೀಗೆಪುಡಿ ಹಚ್ಚಿ ತಿಕ್ಕಿದಳು. ಎದ್ದು ನೋಡಿದರೆ ಕುರ್ಚಿ ಹೊಸದರಂತೆ ಹೊಳೆಯುತ್ತಿತ್ತು. ಕಡ್ಡಿಯ ಡಬ್ಬಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ವಿಚ್ ಒತ್ತಿದರೆ ದೀಪ ಹತ್ತಲಿಲ್ಲ.

ನನಗೆ ಅಳು ಬಂತು. ಅವ್ವ ನನಗಿಂತ ಮೊದಲೇ ಅಳುತ್ತಿದ್ದಳು. "ನಾ ಅದಕ್ಕ ಜಳಕಾ ಮಾಡಿಸಿದ್ನಿ, ಅಷ್ಟ" ಎಂದು ಹೇಳುತ್ತಲೇ ಇದ್ದಳು. ಅಪ್ಪ ಬ್ಯಾಟರಿಯ ತಂತಿ ಬಿಚ್ಚಿಟ್ಟ. ಪಕ್ಕದ ಮನೆಯ ದೂರವಾಣಿಯಿಂದ ಮಿರಜಕ್ಕೆ ಕೇಳಿದೆವು. ಬಾಯಿ ಮೊದಲು ಬೈದರು. ಆಮೇಲೆ ಹೇಳಿದರು: ಮತ್ತೆ ಮತ್ತೆ ಸ್ವಿಚ್ ಒತ್ತಬೇಡಿ, ಡಬ್ಬಿಯ ಸ್ಕ್ರೂ ಬಿಚ್ಚಿ ನೆರಳಲ್ಲಿ ಗಾಳಿಗಿಡಿ, ಬೆಂಕಿಯ ಹತ್ತಿರ ಒಯ್ಯಬೇಡಿ, ಪೂರ್ತಿ ಒಣಗುವವರೆಗೆ ತಾಳಿ. ತಾಳುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಜೀವಮಾನವೆಲ್ಲ ಕಟ್ಟಿಗೆಯ ಕುರ್ಚಿಯಲ್ಲಿ ಕಳೆದವಳಿಗೆ ಆ ಕೆಲವೇ ದಿನ ಅದರಲ್ಲಿ ಕೂರಲಾಗಲಿಲ್ಲ. ಅವ್ವ ಡಬ್ಬಿಯ ಮುಂದೆ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು, ಎಳೆಗೂಸಿಗೆ ಹಾಕುವಂತೆ.

ಅಪ್ಪ ಮತ್ತೆ ಜೋಡಿಸಿದ. ಸ್ವಿಚ್ ಒತ್ತಿದೆ. ಹಸಿರು ದೀಪ ಹತ್ತಿತು. ತಂಗಿ ಎಷ್ಟು ಜೋರಾಗಿ ಕಿರುಚಿದಳೆಂದರೆ ಹಿತ್ತಲ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಆಮೇಲೆ ಕುರ್ಚಿಯನ್ನು ಒದ್ದೆ ಬಟ್ಟೆ ಹಿಂಡಿ ಒರೆಸುವುದಷ್ಟೇ. ಡಬ್ಬಿಗೆ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದ ಟೋಪಿ. ಭಾನುವಾರ ಅಪ್ಪನೂ ನಾನೂ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನಾನು ಹೇಳುವುದು, ಅವನು ಮಾಡುವುದು. ಮುಂದಿನ ಸಣ್ಣ ಗಾಲಿಗಳ ಅಚ್ಚಿಗೆ ತಲೆಗೂದಲು, ಕಬ್ಬಿನ ರವದಿ ಎಲೆಯ ನಾರು, ಒಣಗಿದ ಕರಿಮಣ್ಣು ಸುತ್ತಿಕೊಂಡಿರುತ್ತಿತ್ತು, ಚಿಮಟದಿಂದ ತೆಗೆಯುತ್ತಿದ್ದ. ಬ್ಯಾಟರಿಯ ತುದಿಗೆ ಬಿಳಿ ಪುಡಿ ಕೂತರೆ ಸೋಡಾ ನೀರಿನಿಂದ ಒರೆಸಿ ಗ್ರೀಸ್ ಸವರುತ್ತಿದ್ದ. ಚಾರ್ಜ್ ಪೂರ್ತಿಯಾದ ಮೇಲೆ ಬಟ್ಟಿ ಇಳಿಸಿದ ನೀರು ಹಾಕುವುದು, ಬಾವಿಯ ನೀರು ಎಂದಿಗೂ ಅಲ್ಲ. ಅಪ್ಪ ಮಾತು ಕಡಿಮೆಯವನು. ನನ್ನ ಜೊತೆ ಅಷ್ಟು ಹೊತ್ತು ಕೂತು ಮಾತಾಡಿದ್ದು ಅದಕ್ಕೆ ಮೊದಲು ಇರಲೇ ಇಲ್ಲ.

ದೀಪಾವಳಿ ಮುಗಿದ ಮೇಲೆ ತಂಗಿಯನ್ನು ನೋಡಲು ಐನಾಪುರದಿಂದ ಬರುತ್ತೇವೆಂದು ಹೇಳಿ ಕಳಿಸಿದರು. ದ್ರಾಕ್ಷಿ ತೋಟದವರು. ಹುಡುಗ, ಅವನ ತಾಯಿ, ಒಬ್ಬ ಸೋದರಮಾವ. ಅದಕ್ಕೆ ಮೊದಲು ಒಂದು ಕಡೆಯವರು ಬಂದು, ನನ್ನನ್ನು ನೋಡಿ ಹೋಗಿ, ತಿರುಗಿ ಸುದ್ದಿ ಕಳಿಸಿರಲಿಲ್ಲ. ಅವ್ವ ನನ್ನ ಹತ್ತಿರ ಬಂದು ನಿಂತಳು. ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು.

"ಅವರ ಬಂದ ಹೋಗೂತನಾ ಒಳಗ ಇರ್ತೀಯೇನವ್ವಾ?"

ನಾನು ಒಪ್ಪಿದೆ. ತಂಗಿಯ ಮದುವೆಗಿಂತ ನನಗೆ ಬೇರೆ ಏನೂ ದೊಡ್ಡದಿರಲಿಲ್ಲ. ಅಡಿಗೆಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಬಂದವರು ಕೂತರು, ಮಳೆ ಬೆಳೆ ಮಾತಾಯಿತು, ತಂಗಿಯನ್ನು ಕರೆದರು. ಅವಳು ಹೋಗಿ ಚಾಪೆಯ ಮೇಲೆ ಕೂತಳು. ಆಮೇಲೆ ತಂಗಿಯ ಧ್ವನಿ ಇಡೀ ಮನೆಗೆ ಕೇಳುವಂತೆ ಬಂತು: "ಅಕ್ಕಾ, ಅವಲಕ್ಕಿ ತಗೊಂಡ ಬಾ."

ಅವ್ವ ಒಲೆಯ ಮುಂದೆ ಕಲ್ಲಾದಳು. ತೊಡೆಯ ಮೇಲೆ ಬಿಸಿ ಚಹಾ ಇಟ್ಟುಕೊಂಡು ಹೋಗುವಂತಿಲ್ಲ, ಚೆಲ್ಲಿದರೆ ಮೈ ಸುಟ್ಟುಕೊಳ್ಳುತ್ತೇನೆ. ಅವಲಕ್ಕಿಯ ಬಟ್ಟಲುಗಳಿದ್ದ ಪರಾತವನ್ನು ತೊಡೆಯ ಮೇಲೆ ಇಡಲು ಅವ್ವನಿಗೆ ಹೇಳಿದೆ. ಇಟ್ಟಳು. ನಡುಮನೆಯ ಹೊಸ್ತಿಲಿಗೆ ಅಪ್ಪ ಎರಡೂ ಕಡೆ ಇಳಿಜಾರಾಗಿ ಕಟ್ಟಿಗೆ ಬಡಿದಿದ್ದ. ಅದನ್ನು ನೇರವಾಗಿ ಏರಿ, ನೇರವಾಗಿ ಇಳಿದೆ. ಗಾಲಿಯ ಗುಂಯ್ ಸದ್ದಿಗೆ ಎಲ್ಲರೂ ತಲೆಯೆತ್ತಿದರು.

"ಇಕಿ ನಮ್ಮಕ್ಕ" ಎಂದಳು ತಂಗಿ. ತಲೆ ತಗ್ಗಿಸಿ ಕೂರಬೇಕಾದವಳು ತಲೆ ಎತ್ತಿ ಅವರನ್ನೇ ನೋಡುತ್ತಿದ್ದಳು.

ಹುಡುಗನ ತಾಯಿ ಬಟ್ಟಲು ತೆಗೆದುಕೊಂಡರು. ನನ್ನ ಕಾಲು ನೋಡಿದರು, ಗಾಲಿ ನೋಡಿದರು. "ಇದು ಮನೆತನದಾಗ ಇದ್ದದ್ದೇನವಾ?" ಎಂದು ನನ್ನನ್ನೇ ಕೇಳಿದರು.

"ಇಲ್ರಿ. ಸಣ್ಣಾಕಿದ್ದಾಗ ಪೋಲಿಯೋ ಆತ್ರಿ. ತಾಯಿ ತಂದಿಯಿಂದ ಮಕ್ಕಳಿಗೆ ಬರೂದಲ್ರಿ ಅದು."

"ಮತ್ತ ಈ ಕುರ್ಚಿ ಹೆಂಗ ನಡಿತೈತಿ?"

ಅದನ್ನು ಹೇಳಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪರಾತ ಕೆಳಗಿಡಿಸಿ ಒಂದು ಸುತ್ತು ತಿರುಗಿ ತೋರಿಸಿದೆ. ಹುಡುಗ ಎದ್ದು ಬಂದ. ತೋಟದಲ್ಲಿ ಮೋಟಾರು, ಹನಿ ನೀರಾವರಿ ನೋಡಿಕೊಳ್ಳುತ್ತಿದ್ದವನಂತೆ. ಮೋಟಾರು ಒಂದೋ ಎರಡೋ ಎಂದು ಕೇಳಿದ. ಎರಡು, ಒಂದು ಗಾಲಿಗೆ ಒಂದು, ಅದಕ್ಕೇ ನಿಂತಲ್ಲಿ ತಿರುಗುತ್ತದೆ ಎಂದೆ. ಏರಿನ ಮೇಲೆ ಕೈ ಬಿಟ್ಟರೆ ಹಿಂದೆ ಸರಿಯುತ್ತದೆಯೇ ಎಂದು ಕೇಳಿದ. ಇಲ್ಲ, ಕಡ್ಡಿ ಬಿಟ್ಟರೆ ಬ್ರೇಕು ತಾನೇ ಹಿಡಿಯುತ್ತದೆ ಎಂದೆ. ಅವನು ನೆಲದ ಮೇಲೆ ಮೊಣಕಾಲೂರಿ ಬಗ್ಗಿ ನೋಡಿದ. ಅಪ್ಪನೂ ಪಕ್ಕದಲ್ಲಿ ಬಗ್ಗಿದ. ಸೋದರಮಾವನೂ ಚಾಪೆ ಬಿಟ್ಟು ಬಂದ. ಮೂವರ ತಲೆಗಳೂ ಕುರ್ಚಿಯ ಕೆಳಗೆ.

"ಹೆಣ್ಣ ನೋಡಾಕ ಬಂದವರು ಗಾಡಿ ನೋಡಾಕತ್ತಾರ" ಎಂದಳು ತಂಗಿ. ಹುಡುಗ ಗಾಬರಿಯಾಗಿ ಎದ್ದಾಗ ಹಣೆ ಫುಟ್‌ರೆಸ್ಟಿಗೆ ಬಡಿಯಿತು. ಅವನ ತಾಯಿ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ನಗು ಅವ್ವನ ತನಕ ಹೋಯಿತು. ಆ ನಗುವಿನಲ್ಲೇ ಮದುವೆ ಗೊತ್ತಾಯಿತು ಎಂದು ಅಪ್ಪ ಈಗಲೂ ಹೇಳುತ್ತಾನೆ.

ವೈಶಾಖದಲ್ಲಿ ಐನಾಪುರದಲ್ಲಿ ಮದುವೆ. ಟೆಂಪೋದಲ್ಲಿ ಕುರ್ಚಿಯನ್ನು ಬೇರೆಯಾಗಿ ನಿಲ್ಲಿಸಿ, ಕೆಂಪು ಹಿಡಿಕೆಗಳು ಕೆಳಗಿವೆಯೇ ಎಂದು ನೋಡಿ, ನಾಲ್ಕೂ ಕಡೆ ಹಗ್ಗ ಬಿಗಿದೆವು. ನಾನು ಡ್ರೈವರನ ಪಕ್ಕದಲ್ಲಿ ಅವ್ವನಿಗೆ ಒರಗಿ ಕೂತೆ. ಅಂಕಲಿ ದಾಟಿ ಕೃಷ್ಣೆಯ ಸೇತುವೆ ಮೇಲೆ ಹೋಗುವಾಗ ನೀರು ಬಿಸಿಲಿಗೆ ಬೆಳ್ಳಗೆ ಹೊಳೆಯಿತು. ಅವ್ವ ಎಲ್ಲರಂತೆ ನೀರಿಗೆ ಕೈ ಮುಗಿದಳು. ನಾನು ಡ್ರೈವರನ ಕನ್ನಡಿಯಲ್ಲಿ ಕುರ್ಚಿಯ ಹಗ್ಗ ಸಡಿಲಾಗಿಲ್ಲವಷ್ಟೇ ಎಂದು ನೋಡುತ್ತಿದ್ದೆ.

ಮದುವೆಯ ಭವನ ನೋಡಿದಾಗ ನನ್ನ ಉತ್ಸಾಹ ಇಳಿಯಿತು. ಎತ್ತರದ ಕಟ್ಟೆ, ಮುಂದೆ ಬರೀ ಮೆಟ್ಟಿಲು. ನಾಲ್ಕಾರು ಗಂಡಸರು ತೋಳೇರಿಸಿ ಓಡಿ ಬಂದರು. "ಹಗೂರ ಎತ್ತೂಣ" ಎಂದು ಒಬ್ಬ ನನ್ನ ಎಡತೋಳಿನ ಕೆಳಗಿದ್ದ ಕುರ್ಚಿಯ ಕೈ ಹಿಡಿದು ಜಗ್ಗಿದ. ಅದು ಕಳಚಿ ಇಡುವಂಥದು. ಅವನ ಕೈಗೇ ಕಿತ್ತು ಬಂತು. ಅವನು ಹಿಂದಕ್ಕೆ ತೂರಾಡಿದ. ಇನ್ನೊಂದು ಕಡೆಯವರು ಅಷ್ಟರಲ್ಲಿ ಎತ್ತಿಬಿಟ್ಟಿದ್ದರು. ಕುರ್ಚಿ ವಾಲಿತು. ಬ್ಯಾಟರಿಗಳ ಭಾರಕ್ಕೆ ಅದು ಎಮ್ಮೆಕರುವಿನಷ್ಟು ತೂಕ. ಉರುಳಿದರೆ ಕೆಳಗಿದ್ದವನ ಕಾಲು ಉಳಿಯುತ್ತಿರಲಿಲ್ಲ.

"ಕೆಳಗಿಡ್ರಿ! ಎಲ್ಲಾರೂ ಕೈ ತಗೀರಿ!" ಎಂದು ನಾನು ಕೂಗಿದೆ. ಗಂಡಸರ ಗುಂಪಿಗೆ ಹಾಗೆ ಕೂಗಿದ್ದು ಅದೇ ಮೊದಲು. ಇಳಿಸಿದರು. ಬ್ಯಾಂಡು ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ. ಮುಖಕ್ಕೆ ರಕ್ತ ಏರಿತ್ತು, ಆದರೆ ಧ್ವನಿ ಗಟ್ಟಿಯಾಗಿಯೇ ಬಂತು. "ಇದನ್ನ ಎತ್ತೂದಲ್ರಿ, ಹತ್ತಿಸೂದು. ಉದ್ದನ ಗಟ್ಟಿ ಹಲಗಿ ಬೇಕು."

ಯಾರೋ ಎರಡು ಕಿರಿದಾದ ಮರದ ಹಲಗೆ ತಂದರು. ಗಾಲಿ ಜಾರಿದರೆ ಮುಗಿಯಿತು ಎಂದು ಬೇಡವೆಂದೆ. ಹಂದರದ ಹಿಂದೆ ಬಾಡಿಗೆ ಪಾತ್ರೆ ತಂದ ಟ್ರ್ಯಾಕ್ಟರಿನ ಟ್ರೇಲರ್ ನಿಂತಿತ್ತು. ಅದರ ಎರಡೂ ಪಕ್ಕದ ಕಬ್ಬಿಣದ ಬಾಗಿಲುಗಳು ಉದ್ದವಾಗಿದ್ದವು, ಗೆರೆ ಗೆರೆ ಉಬ್ಬಿದ್ದವು. ಅಪ್ಪನೂ ನಾನೂ ಒಮ್ಮೆಗೇ ಅದನ್ನು ನೋಡಿದೆವು. ಅಪ್ಪ ಬಾಸಿಂಗ ಕಟ್ಟಿದ ಅಳಿಯನ ಕಡೆ ನೋಡಿದ. ಅಳಿಯ ಬಾಸಿಂಗದಲ್ಲೇ ಹೋಗಿ ಕೊಂಡಿ ಕಳಚಿಸಿದ. ಎರಡೂ ಬಾಗಿಲುಗಳನ್ನು ಮೆಟ್ಟಿಲ ಮೇಲೆ ಒಂದಕ್ಕೊಂದು ಒತ್ತಿ ಹಾಸಿದರು. ನಡುವೆ ಬಗ್ಗದಂತೆ ಕೆಳಗೆ ಮಣ್ಣಿನ ಚೀಲ ತುಂಬಿದರು. ಮರ್ಯಾದೆಗೆಂದು ಅದರ ಮೇಲೆ ಜಮಖಾನೆ ಹಾಸಲು ಬಂದವರನ್ನು ನಾನು ತಡೆದೆ, ಗಾಲಿಯ ಕೆಳಗೆ ಅದು ಮುದುಡುತ್ತದೆ. ಅಪ್ಪ ಆ ಬಾಗಿಲುಗಳ ಮೇಲೆ ಹತ್ತಿ ಜಿಗಿದು ನೋಡಿದ. ಅಲುಗಲಿಲ್ಲ.

ಒಳಗಿಂದ ಭಟ್ಟರು, "ಮುಹೂರ್ತ ಮೀರ್ತೈತ್ರಿ" ಎಂದು ಕೂಗುತ್ತಿದ್ದರು. ಅಂತರಪಟದ ಹತ್ತಿರ ಕರೆದರೆ ತಂಗಿ, "ಅಕ್ಕ ಮ್ಯಾಲ ಬರೂತನಾ ನಾ ಅಲ್ಲಿ ನಿಂದ್ರಾಂಗಿಲ್ಲ" ಎಂದುಬಿಟ್ಟಳಂತೆ. ಹಸಿರು ಸೀರೆಯಲ್ಲಿ ಮೆಟ್ಟಿಲ ಮೇಲ್ತುದಿಗೇ ಬಂದು ನಿಂತಿದ್ದಳು.

ಕುರ್ಚಿಯ ಕೈಯನ್ನು ಮತ್ತೆ ಕೂರಿಸಿ, ಚಿಲಕ ಬಿದ್ದಿದೆಯೇ ಎಂದು ಅಲುಗಿಸಿ ನೋಡಿದೆ. ಸೊಂಟದ ಪಟ್ಟಿ ಬಿಗಿದೆ. ಆಮೆ. ಹಿಂದೆ ಅಪ್ಪ ಮತ್ತು ಅಳಿಯನ ಸೋದರಮಾವ, ಮುಟ್ಟದೆ, ಕೈ ಚಾಚಿ ಸಿದ್ಧವಾಗಿ. ಮೈ ಮುಂದಕ್ಕೆ ಬಾಗಿಸಿ ಕಡ್ಡಿ ಒತ್ತಿದೆ. ಮೋಟಾರಿನ ಸದ್ದು ಇಳಿಯಿತು, ಗಂಟಲು ಕಟ್ಟಿದವರಂತೆ. ಗಾಲಿ ಕಬ್ಬಿಣದ ಮೊದಲ ಗೆರೆ ಹಿಡಿಯಿತು. ಅರ್ಧ ದಾರಿಯಲ್ಲಿ ಕಬ್ಬಿಣ ಟಣ್ ಎಂದಿತು. ನಡುವೆ ನಿಲ್ಲಿಸಬಾರದು, ಪಕ್ಕಕ್ಕೆ ತಿರುಗಿಸಬಾರದು. ತಂಗಿಯ ಮುಖವನ್ನೇ ನೋಡುತ್ತ ನೇರವಾಗಿ ಹೋದೆ. ಅವಳ ತುಟಿ, "ಬಾ, ಬಾ, ಬಾ" ಎನ್ನುತ್ತಿತ್ತು. ಮುಂದಿನ ಗಾಲಿಗಳು ಸಮನೆಲ ಮುಟ್ಟಿದವು. ಹಿಂದಿನವು ಮುಟ್ಟಿದವು. ಬ್ಯಾಂಡಿನವರಿಗೆ ಯಾರೂ ಹೇಳದಿದ್ದರೂ ಬಾರಿಸತೊಡಗಿದರು. ಅಕ್ಷತೆಗೆಂದು ಹಿಡಿದ ಜೋಳವನ್ನು ಅರ್ಧ ಜನ ನನ್ನ ಮೇಲೇ ಹಾಕಿಬಿಟ್ಟರು.

ಊಟವಾದ ಮೇಲೆ ಬೀಗಿತ್ತಿ, ಅಂದರೆ ಅಳಿಯನ ತಾಯಿ, ನನ್ನ ಪಕ್ಕದಲ್ಲಿ ಬಂದು ಕೂತು ಮೊಣಕಾಲು ಒತ್ತಿಕೊಳ್ಳುತ್ತ, "ನನಗೂ ಒಂದಿಷ್ಟ ಕುಂದ್ರಾಕ ಕೊಡ್ತೀಯೇನವಾ? ಈ ಮಂಡಿ ನೋವಿನಾಗ ನಿಂತ ನಿಂತ ಸಾಕಾಗೈತಿ" ಎಂದರು. ಸ್ವಿಚ್ ಬಂದ್ ಮಾಡಿದೆ, ಅವ್ವ ನನ್ನನ್ನೆತ್ತಿ ಸಾದಾ ಕುರ್ಚಿಗೆ ಕೂರಿಸಿದಳು. ಅವರನ್ನು ಕೂರಿಸಿ, ಪಟ್ಟಿ ಕಟ್ಟಿಸಿ, ಒಂಬತ್ತುವಾರಿ ಸೀರೆಯ ಅಂಚು ಒಳಗೆ ಸೇರಿಸಿ, ಆಮೆಗಿಂತ ಮುಂದೆ ಹೋಗಬಾರದೆಂದು ಹೇಳಿದೆ. ಖಾಲಿಯಾಗಿದ್ದ ಭವನದ ಉದ್ದಕ್ಕೆ ಅವರು ಹೋದರು. ಪಕ್ಕದಲ್ಲಿ ಅವ್ವ, ಈಗ ಗುರುವಿನ ಗತ್ತಿನಲ್ಲಿ, "ಕಡ್ಡಿ ಹಗೂರ ಒತ್ರಿ, ಬೀಗರ, ಬಿಟ್ರ ತಾನ ನಿಲ್ತೈತಿ" ಎನ್ನುತ್ತಿದ್ದಳು. ಬೀಗಿತ್ತಿ ಹುಡುಗಿಯಂತೆ ಕೇಕೆ ಹಾಕಿದರು. ತಿರುಗಿ ಬಂದು ಇಳಿಯುವ ಮುಂಚೆ ತಾವಾಗಿಯೇ ಸ್ವಿಚ್ ಬಂದ್ ಮಾಡಿದರು.

ಮರುವರ್ಷ ಮಣೂಕ ಮಾಡುವ ದಿನಗಳಲ್ಲಿ, ಅಂದರೆ ದ್ರಾಕ್ಷಿ ಒಣಗಿಸುವ ಹಂಗಾಮಿನಲ್ಲಿ, ಅವರೇ ನನ್ನನ್ನು ಕರೆಸಿಕೊಂಡರು. ಹೋಗಿ ನೋಡಿದರೆ ತೋಟದ ಮನೆಯ ಬಾಗಿಲಿಗೆ ಸಿಮೆಂಟಿನ ಇಳಿಜಾರು, ಒಣಗಿಸುವ ಶೆಡ್ಡಿಗೂ ಒಂದು. ಅವರ ಮಂಡಿಗೂ ಅದು ಹಿತವಾಗಿತ್ತಂತೆ. ಒಬ್ಬಳೇ ಬೇರೆಯವರ ಮನೆಯಲ್ಲಿ ಉಳಿದದ್ದು ನನಗೆ ಅದೇ ಮೊದಲು. ಹಗಲು ಶೆಡ್ಡಿನಲ್ಲಿ ಹೆಂಗಸರ ಜೊತೆ ಮೇಜಿನ ಮುಂದೆ ಕೂತು ಬಲಗೈಯಿಂದ ಮಣೂಕ ಆರಿಸುತ್ತಿದ್ದೆ. ಸಂಜೆ ಚಾರ್ಜರ್ ಹಚ್ಚುವುದು ಅಳಿಯನ ಪಾಲಿನ ಕೆಲಸ. ಗಾಲಿಗೆ ತಂತಿಯ ತುಂಡು ಚುಚ್ಚದಂತೆ ಬಳ್ಳಿಗಳ ಸಾಲಿನ ನಡುವಿನ ದಾರಿಯನ್ನು ತಂಗಿ ದಿನಾ ಗುಡಿಸಿಡುತ್ತಿದ್ದಳು.

ಒಂದು ಮಧ್ಯಾಹ್ನ ಕೈತೊಳೆಯಲು ಎದ್ದ ಹೆಂಗಸರೆಲ್ಲ ಮನೆಯ ಕಡೆ ಹೋದರು. ನಾನು ಇನ್ನೊಂದು ಕಡೆಗೆ ಹೋದೆ. ಸಾಲಿನೊಳಗೆ ನೆರಳು, ತಂಪು. ಕೊಯ್ಯದೆ ಉಳಿದ ಒಂದು ಗೊಂಚಲು ಕೈಗೆಟಕಿತು. ಸ್ವಿಚ್ ಬಂದ್ ಮಾಡಿ ಕೂತು ತಿನ್ನತೊಡಗಿದೆ. ದೂರದಿಂದ ತಂಗಿಯ ಧ್ವನಿ ಬಂತು: "ಅಕ್ಕಾ, ಊಟಕ್ಕ ಬಾ." ಸ್ವಲ್ಪ ಹೊತ್ತಿಗೆ, "ಅಕ್ಕಾ, ಎಲ್ಲಿದ್ದೀ ಬೇ?" ಆಮೇಲೆ ಬೀಗಿತ್ತಿಯ ಧ್ವನಿ: "ಶೆಡ್ಡಿನಾಗ ಇಲ್ಲಲ್ಲ, ಎತ್ತಾಗ ಹೋದ್ಳ?"

ನಾನು ಎಲ್ಲಿದ್ದೇನೆಂದು ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯೂ ಹಾಗಾಗಿರಲಿಲ್ಲ. ಇಟ್ಟಲ್ಲಿ ಇರುತ್ತಿದ್ದವಳನ್ನು ಯಾರು ಯಾಕೆ ಹುಡುಕಬೇಕು? ಇನ್ನೊಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸಿಹಿ. ಅವರು ಇನ್ನೂ ಎರಡು ಸಲ ಕೂಗುವವರೆಗೆ ಸುಮ್ಮನಿದ್ದು, ಆಮೇಲೆ ಜೋರಾಗಿ, "ಇಲ್ಲೇ ಅದೀನಿ, ಬಂದ್ನಿ" ಎಂದೆ.